ಗಾಡಿಯಿಂದ ಗಾಡಿಗೆ

ಮುಂಬೈಯ ರೈಲು ಪ್ರಯಾಣ ಒಂದೇ ಗಾಡಿಯಲ್ಲಿ ಮುಗಿಯುವುದು ಅಪರೂಪ. ಬೊರಿವಲಿಯಿಂದ ಠಾಣೆಗೆ, ಮೀರಾ ರೋಡಿನಿಂದ ನೆರುಳಿಗೆ, ಡೊಂಬಿವಲಿಯಿಂದ ಅಂಧೇರಿಗೆ ಹೋಗುವವರು ನಡುವೆ ಎಲ್ಲೋ ಇಳಿದು, ಬ್ರಿಜ್ ಹತ್ತಿ, ಇನ್ನೊಂದು ಗಾಡಿ ಹಿಡಿಯಲೇಬೇಕು. ಇಲ್ಲಿ ಬೆಳೆದವರ ಕಾಲಿಗೆ ದಾರಿ ಗೊತ್ತಿರುತ್ತದೆ. ಮೊದಲ ಸಲ ಹೊರಡುವವರು ಮಾತ್ರ ಹಿಂದಿನ ದಿನ ಕಾಗದ, ಪೆನ್ನು, ವೇಳಾಪಟ್ಟಿ ಹಿಡಿದು ಕೂರಬೇಕು. ಹಾಗೆ ಕೂತು ಯಾವ ಗಾಡಿ, ಎಲ್ಲಿ ಇಳಿಯುವುದು, ಎಷ್ಟು ಹೊತ್ತು ಕೈಯಲ್ಲಿಟ್ಟುಕೊಳ್ಳುವುದು, ಯಾವ ಟಿಕೆಟ್ ತೆಗೆಯುವುದು ಎಂದು ಒಂದೊಂದಾಗಿ ಬಿಡಿಸುತ್ತ ಹೋಗುವುದರಲ್ಲಿ ಪ್ರಯಾಣದಷ್ಟೇ ಸುಖವಿದೆ.

ಮೊದಲು ತಿಳಿಯಬೇಕಾದದ್ದು ನಕ್ಷೆ. ಮುಂಬೈ ದಕ್ಷಿಣೋತ್ತರವಾಗಿ ಚಾಚಿದ ಕಿರಿದಾದ ನೆಲ; ಹಳಿಗಳೂ ಹಾಗೆಯೇ ಉದ್ದುದ್ದ ಮಲಗಿವೆ. ಪಶ್ಚಿಮ ಮಾರ್ಗ ಚರ್ಚ್‌ಗೇಟಿನಿಂದ ಹೊರಟು ವಿರಾರ್ ದಾಟಿ ಡಹಾಣು ರೋಡಿನವರೆಗೆ ಹೋಗುತ್ತದೆ. ಮಧ್ಯ ಮಾರ್ಗ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಲ್ಯಾಣಿಗೆ ಬಂದು ಎರಡಾಗುತ್ತದೆ: ಒಂದು ಕಸಾರದ ಕಡೆಗೆ, ಇನ್ನೊಂದು ಕರ್ಜತ್, ಖೋಪೋಲಿಯ ಕಡೆಗೆ. ಹಾರ್ಬರ್ ಮಾರ್ಗ ಸಿಎಸ್‌ಎಂಟಿಯಿಂದ ವಡಾಲಾ ರೋಡಿನವರೆಗೆ ಒಂದೇ ಆಗಿದ್ದು, ಅಲ್ಲಿಂದ ಒಂದು ಕವಲು ಕುರ್ಲಾ, ವಾಶಿಯ ಮೂಲಕ ಪನ್ವೇಲಿಗೂ ಇನ್ನೊಂದು ಬಾಂದ್ರಾ, ಅಂಧೇರಿಯ ಮೂಲಕ ಗೋರೆಗಾಂವಿಗೂ ಹೋಗುತ್ತದೆ. ಟ್ರಾನ್ಸ್-ಹಾರ್ಬರ್ ಮಾರ್ಗ ಠಾಣೆಯನ್ನು ನವಿ ಮುಂಬೈಗೆ ಕೂಡಿಸುತ್ತದೆ. ಉದ್ದಕ್ಕೆ ಹೋಗುವವರಿಗೆ ಕಷ್ಟವಿಲ್ಲ. ಅಡ್ಡಕ್ಕೆ ಹೋಗಬೇಕಾದವರಿಗೇ ಯೋಜನೆ ಬೇಕು.

ಇದರ ಹಿಂದೆ ಇತಿಹಾಸವಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಮೊದಲ ಪ್ರಯಾಣಿಕರ ಗಾಡಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ಪಶ್ಚಿಮದ ಹಳಿ ಹಾಕಿದ್ದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಎರಡು ಕಂಪನಿಗಳು ತಮ್ಮ ತಮ್ಮ ಹಳಿಯನ್ನು ತಮ್ಮ ತಮ್ಮ ದಿಕ್ಕಿಗೆ ಎಳೆದವು. ಒಂದರ ಪಕ್ಕ ಒಂದು ನಿಲ್ದಾಣ ಕಟ್ಟಿದವು. ದಾದರಿನಲ್ಲಿ ಎರಡೂ ಕಡೆ ಒಂದನೇ ನಂಬರಿನಿಂದಲೇ ಪ್ಲಾಟ್‌ಫಾರಂ ಎಣಿಸುತ್ತಿದ್ದುದು ಇದೇ ಕಾರಣಕ್ಕೆ. 2023ರ ಡಿಸೆಂಬರಿನಲ್ಲಿ ಪಶ್ಚಿಮದ ಕಡೆಗೆ 1ರಿಂದ 7, ಮಧ್ಯದ ಕಡೆಗೆ 8ರಿಂದ 14 ಎಂದು ಒಂದೇ ಸಾಲಿನ ಎಣಿಕೆ ಬಂದಮೇಲೆ ಹೊಸಬರಿಗೆ ದೊಡ್ಡ ಉಪಕಾರವಾಯಿತು.

ಎರಡನೆಯದು ಗಾಡಿಯ ಜಾತಿ. ಸ್ಲೋ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಫಾಸ್ಟ್ ಗಾಡಿ ಆಯ್ದ ಕಡೆ ಮಾತ್ರ. ಪ್ಲಾಟ್‌ಫಾರಮಿನ ಇಂಡಿಕೇಟರಿನಲ್ಲಿ ಊರಿನ ಸಂಕೇತಾಕ್ಷರ, ಹೊರಡುವ ಹೊತ್ತು, ಫಾಸ್ಟೋ ಸ್ಲೋವೋ ಎಂಬ ಗುರುತು, ಡಬ್ಬಿಗಳ ಸಂಖ್ಯೆ 12 ಅಥವಾ 15 ಎಂಬುದು ಕಾಣುತ್ತದೆ. ಮಧ್ಯ ಮಾರ್ಗದಲ್ಲಿ ‘ಕೆ’ ಎಂದರೆ ಕಲ್ಯಾಣ್, ‘ಟಿ’ ಎಂದರೆ ಠಾಣೆ. ಆದರೆ ಕಸಾರದ ಗಾಡಿಗೆ ‘ಎನ್’, ಕರ್ಜತಿನ ಗಾಡಿಗೆ ‘ಎಸ್’. ಈ ನಾಲ್ಕು ಅಕ್ಷರ ಬಾಯಿಪಾಠವಾಗಿದ್ದರೆ ಕಲ್ಯಾಣಿನಾಚೆ ಬೇರೆ ಕವಲು ಹಿಡಿಯುವ ಭಯವಿಲ್ಲ. ಎಂ-ಇಂಡಿಕೇಟರಿನಂಥ ಆ್ಯಪುಗಳಲ್ಲಿ ಇಡೀ ವೇಳಾಪಟ್ಟಿ ಸಿಗುತ್ತದೆ. ಅದರಲ್ಲಿ ಒಂದು ಗಾಡಿಯನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಬೆರಳಿಟ್ಟು ಓದಿದವರಿಗೆ ಊರಿನ ನಡೆಯೇ ತಿಳಿಯತೊಡಗುತ್ತದೆ.

ಮೂರನೆಯದು ಗಾಡಿ ಬದಲಿಸುವ ಜಾಗ. ಯೋಜನೆಯ ಜೀವ ಇರುವುದು ಇಲ್ಲಿ. ಪಶ್ಚಿಮದಿಂದ ಮಧ್ಯಕ್ಕೆ ದಾಟಲು ದಾದರ್. ಎರಡೂ ಕಡೆಯ ಫಾಸ್ಟ್ ಗಾಡಿಗಳು ಅಲ್ಲಿ ನಿಲ್ಲುತ್ತವೆ, ಜನವೂ ಅಲ್ಲೇ ಹೆಚ್ಚು. ಸ್ಲೋ ಗಾಡಿಯವರಿಗೆ ಪರೇಲ್ ಮತ್ತು ಪ್ರಭಾದೇವಿಯನ್ನು ಕೂಡಿಸುವ ಬ್ರಿಜ್ ಉಂಟು. ಮಧ್ಯದಿಂದ ಹಾರ್ಬರಿಗೆ ಕುರ್ಲಾ, ಪಶ್ಚಿಮದಿಂದ ಹಾರ್ಬರಿಗೆ ಬಾಂದ್ರಾ ಅಥವಾ ಅಂಧೇರಿ, ಹಾರ್ಬರಿನ ಒಂದು ಕವಲಿನಿಂದ ಇನ್ನೊಂದಕ್ಕೆ ವಡಾಲಾ ರೋಡ್, ಮಧ್ಯದಿಂದ ಟ್ರಾನ್ಸ್-ಹಾರ್ಬರಿಗೆ ಠಾಣೆ. ದಿವಾ ನಿಲ್ದಾಣದಿಂದ ವಸಾಯಿ ರೋಡಿಗೂ ಪನ್ವೇಲಿಗೂ ಹಳಿ ಇದೆ. ಗಾಡಿ ಮಾತ್ರ ವಿರಳ. 2014ರ ಜೂನಿನಲ್ಲಿ ವರ್ಸೋವಾದಿಂದ ಘಾಟ್ಕೋಪರಿಗೆ ಮೆಟ್ರೊ ಶುರುವಾದಾಗ ಅಂಧೇರಿ ಮತ್ತು ಘಾಟ್ಕೋಪರಿನ ನಡುವೆ ಬಹುಕಾಲ ಬೇಕಾಗಿದ್ದ ಅಡ್ಡದಾರಿ ಸಿಕ್ಕಿತು. ಅದಕ್ಕೆ ಟಿಕೆಟ್ ಬೇರೆ. ಉಳಿಯುವ ಹೊತ್ತಿನ ಮುಂದೆ ಆ ಖರ್ಚು ದೊಡ್ಡದಲ್ಲ.

ಬದಲಿಸುವ ಜಾಗ ಗೊತ್ತಾದರೆ ಸಾಲದು. ಯಾವ ಡಬ್ಬಿಯಿಂದ ಇಳಿಯಬೇಕೆಂಬುದೂ ಗೊತ್ತಿರಬೇಕು. ಹನ್ನೆರಡು ಡಬ್ಬಿಯ ಲೋಕಲ್ ಸುಮಾರು ಕಾಲು ಕಿಲೋಮೀಟರ್ ಉದ್ದ. ಬ್ರಿಜ್ ಒಂದು ತುದಿಯಲ್ಲಿದ್ದು, ಪ್ರಯಾಣಿಕರು ಇನ್ನೊಂದು ತುದಿಯಲ್ಲಿ ಇಳಿದರೆ, ಗುಂಪಿನ ನಡುವೆ ಅಷ್ಟೂ ದೂರ ನಡೆಯುವಷ್ಟರಲ್ಲಿ ಮುಂದಿನ ಗಾಡಿ ಹೊರಟಿರುತ್ತದೆ. ದಿನವೂ ಓಡಾಡುವವರು ಹತ್ತುವಾಗಲೇ ಇಳಿಯುವ ಬ್ರಿಜ್ಜಿನ ಲೆಕ್ಕ ಹಾಕಿ ನಿಂತಿರುತ್ತಾರೆ. ಹೊಸಬರು ಪ್ಲಾಟ್‌ಫಾರಮಿನಲ್ಲಿ ನಿಂತ ಯಾರನ್ನಾದರೂ ಕೇಳಿದರೆ ಸಾಕು, ಮುಂದೆಯೋ ನಡುವೆಯೋ ಹಿಂದೆಯೋ ಎಂದು ತಟ್ಟನೆ ಉತ್ತರ ಬರುತ್ತದೆ. ಮುಂಬೈಕರರು ಸಂತೋಷದಿಂದ ಹಂಚುವ ವಿದ್ಯೆಗಳಲ್ಲಿ ಇದೊಂದು.

ಒಂದೇ ಬಡಾವಣೆಗೆ ಹಲವು ನಿಲ್ದಾಣಗಳಿರುವುದುಂಟು. ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ ಮಾಟುಂಗಾವನ್ನೇ ನೋಡಬಹುದು. ಮಧ್ಯ ಮಾರ್ಗದಲ್ಲಿ ಮಾಟುಂಗಾ, ಪಶ್ಚಿಮದಲ್ಲಿ ಮಾಟುಂಗಾ ರೋಡ್, ಹಾರ್ಬರಿನ ಗೋರೆಗಾಂವ್ ಕವಲಿನಲ್ಲಿ ಕಿಂಗ್ಸ್ ಸರ್ಕಲ್. ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದಲ್ಲಿ. ಅಲ್ಲಿಯ ನಾಟಕಕ್ಕೋ ಉಪನ್ಯಾಸಕ್ಕೋ ಹೋಗುವವರಿಗೆ ಕಿಂಗ್ಸ್ ಸರ್ಕಲ್ ಅಥವಾ ಮಾಟುಂಗಾ ಹತ್ತಿರ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಪಶ್ಚಿಮದಲ್ಲಿ. ಅದಕ್ಕೆ ಮಾಟುಂಗಾ ರೋಡ್ ಸರಿ. ಎರಡು ಮಾಟುಂಗಾಗಳ ನಡುವೆ ಹಳಿಗಳ ಮೇಲೆ ಹಾದ ಝಡ್ ಬ್ರಿಜ್ ಇರುವುದರಿಂದ ತಪ್ಪಿ ಇಳಿದವರೂ ನಡೆದು ಸೇರಬಹುದು. ಈ ನಿಲ್ದಾಣಗಳಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆಂಬುದನ್ನು ನೆನಪಿಟ್ಟರೆ ಸರಿ. ಫಾಸ್ಟಿನಲ್ಲಿ ಬಂದವರು ದಾದರಿನಲ್ಲಿ ಇಳಿದು ಸ್ಲೋ ಹಿಡಿಯಬೇಕು.

ನಾಲ್ಕನೆಯದು ಟಿಕೆಟ್. ಲೋಕಲಿನ ಸೆಕೆಂಡ್ ಕ್ಲಾಸಿನ ಕನಿಷ್ಠ ದರ 5 ರೂಪಾಯಿ. ಒಂದೇ ಟಿಕೆಟಿನಲ್ಲಿ ಮಾರ್ಗದಿಂದ ಮಾರ್ಗಕ್ಕೆ ದಾಟಬಹುದು: ಬೊರಿವಲಿಯಿಂದ ದಾದರ್ ಮೂಲಕ ಠಾಣೆಗೆ ಒಂದೇ ಚೀಟಿ. ಟಿಕೆಟ್ ತೆಗೆದ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ನಡುವೆ ಇಳಿದು ಊರು ಸುತ್ತಿ ಅದೇ ಟಿಕೆಟಿನಲ್ಲಿ ಮುಂದುವರಿಯುವಂತಿಲ್ಲ. ಇದಕ್ಕೆ ಪರಿಹಾರ ಎರಡು. ದಿನವೂ ಹೋಗುವವರಿಗೆ ಪಾಸ್: ಅದರಲ್ಲಿ ಬರೆದ ಎರಡು ನಿಲ್ದಾಣಗಳ ನಡುವೆ ಎಲ್ಲಿ ಬೇಕಾದರೂ ಇಳಿಯಬಹುದು, ಎಷ್ಟು ಸಲವಾದರೂ ಹತ್ತಬಹುದು. ಊರು ನೋಡಬಂದವರಿಗೆ ಟೂರಿಸ್ಟ್ ಪಾಸ್: ಒಂದು, ಮೂರು ಅಥವಾ ಐದು ದಿನ ಪಶ್ಚಿಮ, ಮಧ್ಯ, ಹಾರ್ಬರ್ ಎಲ್ಲ ಲೋಕಲುಗಳಲ್ಲೂ ನಡೆಯುತ್ತದೆ. ಒಂದು ಗಾಡಿ ತಪ್ಪಿದರೆ, ಒಂದು ನಿಲ್ದಾಣ ಇಷ್ಟವಾಗಿ ಇಳಿದರೆ, ಕ್ಯೂ ನಿಂತು ಮತ್ತೆ ಟಿಕೆಟ್ ತೆಗೆಯುವ ಕೆಲಸವಿಲ್ಲ. ಬಿಗಿಯಾದ ಯೋಜನೆಗೆ ಇಂಥ ಸಡಿಲ ಟಿಕೆಟೇ ತಕ್ಕ ಜೊತೆ.

ಟೂರಿಸ್ಟ್ ಪಾಸಿಗೆ ಹೇಳಿ ಮಾಡಿಸಿದ ಒಂದು ಸುತ್ತು ಹೀಗಿದೆ. ಬೊರಿವಲಿಯಲ್ಲಿ ಉಳಿದವರು ಹತ್ತು ಗಂಟೆಯ ನಂತರ ಫಾಸ್ಟ್ ಗಾಡಿಯಲ್ಲಿ ಚರ್ಚ್‌ಗೇಟಿಗೆ ಬಂದು, ಅಲ್ಲಿಂದ ಫೋರ್ಟಿನ ಮೂಲಕ ನಡೆದು ಸಿಎಸ್‌ಎಂಟಿ ಸೇರುವುದು. 1888ರಲ್ಲಿ ಮುಗಿದ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡವನ್ನು ಹೊರಗಿನಿಂದಲೂ ಒಳಗಿನಿಂದಲೂ ಸಾವಕಾಶವಾಗಿ ನೋಡಿ, ಸ್ಲೋ ಗಾಡಿಯಲ್ಲಿ ಮಾಟುಂಗಾಕ್ಕೆ. ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಊಟ. ಮಾಟುಂಗಾದಿಂದ ಠಾಣೆಗೆ, ಠಾಣೆಯಿಂದ ಟ್ರಾನ್ಸ್-ಹಾರ್ಬರಿನಲ್ಲಿ ವಾಶಿಗೆ. ವಾಶಿಯಿಂದ ಹಾರ್ಬರ್ ಗಾಡಿ ಹಿಡಿದರೆ ಖಾಡಿಯ ಮೇಲಿನ ಉದ್ದ ಸೇತುವೆ. ವಡಾಲಾ ರೋಡಿನಲ್ಲಿ ಇಳಿದು ಗೋರೆಗಾಂವಿನ ಗಾಡಿ ಹತ್ತಿ ಅಂಧೇರಿಗೆ, ಅಲ್ಲಿಂದ ಬೊರಿವಲಿಗೆ. ಬೆಳಗಿನ ಗುಂಪು ಫೋರ್ಟಿನ ಕಡೆಗೆ, ಸಂಜೆಯ ಗುಂಪು ಉಪನಗರಗಳ ಕಡೆಗೆ ಹರಿಯುತ್ತದೆ. ಸುತ್ತಿನ ಕೊನೆಯ ಭಾಗವನ್ನು ಸಂಜೆ ಐದರೊಳಗೆ ಮುಗಿಸುವುದು ಒಳ್ಳೆಯದು.

ಐದನೆಯದು ಹೊತ್ತಿನ ಹಂಚಿಕೆ. ಎಲ್ಲ ಬದಲಾವಣೆಗೂ ಒಂದೇ ಅಳತೆಯ ಬಿಡುವು ಇಟ್ಟರೆ ದಿನವೆಲ್ಲ ಪ್ಲಾಟ್‌ಫಾರಮಿನಲ್ಲೇ ಕಳೆಯುತ್ತದೆ. ಗಾಡಿ ತಪ್ಪಿದರೆ ಆಗುವ ನಷ್ಟವೆಷ್ಟು ಎಂದು ಕೇಳಿಕೊಂಡು ಬಿಡುವು ಇಡಬೇಕು. ದಟ್ಟಣೆಯ ಹೊತ್ತಿನಲ್ಲಿ ಪಶ್ಚಿಮ, ಮಧ್ಯ ಮಾರ್ಗಗಳಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ; ಅಲ್ಲಿ ಬಿಡುವು ಬೇಡ, ಓಟವೂ ಬೇಡ. ದಿವಾ–ವಸಾಯಿ ಹಳಿಯಲ್ಲಿ ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು; ಅಲ್ಲಿ ಒಂದು ಲೋಕಲಿನಷ್ಟು ಮುಂಚೆ ಹೋಗಿರಬೇಕು. ಸ್ವಂತ ಊರಿಗೆ ಹೋಗುವ ದೂರದ ಗಾಡಿ ತಪ್ಪಿದರೆ ಒಂದು ದಿನವೇ ಹೋಯಿತು. ಅಲ್ಲಿ ಧಾರಾಳವಾಗಿ ಅರ್ಧ, ಮುಕ್ಕಾಲು ಗಂಟೆ ಇಡಬೇಕು. ರಂಗೋಲಿಗೆ ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆಯುವ ಹಾಗೆ, ಕದಲಿಸಲಾಗದ ಗಾಡಿಯನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಮನೆ ಬಾಗಿಲಿಗೆ ಬರುವುದೇ ಸರಿಯಾದ ಕ್ರಮ.

ಬೊರಿವಲಿಯಿಂದ ಉಡುಪಿಗೆ ಹೋಗುವವರ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಗಾಡಿ ಮಧ್ಯಾಹ್ನ ಮೂರರ ನಂತರ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹೊರಡುತ್ತದೆ. ಎರಡೂವರೆಗೆ ಪ್ಲಾಟ್‌ಫಾರಮಿನಲ್ಲಿರಬೇಕೆಂದರೆ ಎರಡು ಗಂಟೆಯ ಸುಮಾರಿಗೆ ಹಾರ್ಬರಿನ ತಿಲಕ್ ನಗರದಲ್ಲೋ ಕುರ್ಲಾದಲ್ಲೋ ಇಳಿದಿರಬೇಕು. ಒಂದೂವರೆಗೆ ದಾದರ್, ಹನ್ನೆರಡೂವರೆಗೆ ಬೊರಿವಲಿ. ಅದು ಗುಂಪು ತೆಳುವಾದ ಹೊತ್ತು; ಪೆಟ್ಟಿಗೆ ಹಿಡಿದೂ ಲೋಕಲ್ ಹತ್ತಬಹುದು. ಭಾನುವಾರವಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಹಳಿಯ ದುರಸ್ತಿಗಾಗಿ ಅಂದು ಮೆಗಾ ಬ್ಲಾಕ್ ಇರುತ್ತದೆ. ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ, ಬೇಕಾದ ಹೊತ್ತಿಗೇ ಹಾರ್ಬರ್ ಮಾರ್ಗ ನಿಂತಿರಬಹುದು. ಆಗ ಅಂಧೇರಿಯಲ್ಲಿ ಇಳಿದು, ಮೆಟ್ರೊದಲ್ಲಿ ಘಾಟ್ಕೋಪರ್ ಸೇರಿ, ಮಧ್ಯ ಮಾರ್ಗದಲ್ಲಿ ಠಾಣೆಗೆ ಹೋಗಿ ಅಲ್ಲೇ ಮತ್ಸ್ಯಗಂಧ ಹತ್ತುವುದು ಜಾಣತನ. ಠಾಣೆಗೆ ಗಾಡಿ ಸ್ವಲ್ಪ ತಡವಾಗಿ ಬರುವುದರಿಂದ ಹೆಚ್ಚುವರಿ ಹೊತ್ತೂ ಸಿಗುತ್ತದೆ. ಹತ್ತುವ ನಿಲ್ದಾಣವನ್ನು ಮುಂಚಿತವಾಗಿಯೇ ಠಾಣೆ ಎಂದು ಬರೆಸಿರಬೇಕು. ಹಾಗೆ ಬರೆಸಿದ ಮೇಲೆ ಟರ್ಮಿನಸ್ಸಿನಲ್ಲಿ ಹತ್ತುವ ಹಕ್ಕು ಉಳಿಯುವುದಿಲ್ಲ.

ಆರನೆಯದು ದೂರದ ಟಿಕೆಟಿನ ಸಡಿಲಗಳು. 2024ರ ನವೆಂಬರ್ 1ರಿಂದ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. 500 ಕಿಲೋಮೀಟರ್ ಮೀರಿದ ಟಿಕೆಟಿನಲ್ಲಿ, ಅಷ್ಟು ದೂರ ಸಾಗಿದ ಮೇಲೆ, ಒಂದು ಕಡೆ ಇಳಿದು ಎರಡು ದಿನದವರೆಗೆ ತಂಗಬಹುದು. 1000 ಕಿಲೋಮೀಟರ್ ಮೀರಿದರೆ ಎರಡು ಕಡೆ. ಉಡುಪಿಗೆ ಹೊರಟವರು ಕಾರವಾರದ ನೆಂಟರ ಮನೆಯನ್ನೂ ಸೇರಿಸಿಕೊಳ್ಳಬಹುದು; ಮುಂದಿನ ಭಾಗಕ್ಕೂ ಸೀಟು ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಹೇಳಬೇಕು. ಹೊರಟಲ್ಲಿಗೇ ಮರಳುವ ಸುತ್ತುಪ್ರಯಾಣದ ಟಿಕೆಟಿನಲ್ಲಿ ಎಂಟು ಕಡೆಯವರೆಗೆ ತಂಗಲು ಅವಕಾಶವಿದೆ. ಎರಡು ರಿಸರ್ವ್ ಗಾಡಿಗಳ ಪ್ರಯಾಣವಾದರೆ ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ 2019ರ ಏಪ್ರಿಲ್‌ನಿಂದ ಇದೆ. ಮೊದಲಿನದು ತಡವಾಗಿ ಎರಡನೆಯದು ತಪ್ಪಿದರೆ ಪ್ರಯಾಣಿಸದ ಭಾಗದ ಹಣ ವಾಪಸು ಕೇಳಬಹುದು. ಲೋಕಲಿನ ಟಿಕೆಟಿಗೆ ಪಿಎನ್‌ಆರ್ ಇಲ್ಲ. ಲೋಕಲ್ ತಡವಾಗಿ ಊರಿನ ಗಾಡಿ ತಪ್ಪಿದರೆ ನಷ್ಟ ಪ್ರಯಾಣಿಕರದೇ. ಬಿಡುವೆಲ್ಲ ಆ ಕೊಂಡಿಯಲ್ಲೇ ಇರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯದು ಮಳೆ ಮತ್ತು ಮರುಪ್ರಯಾಣ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಗಾಡಿಗಳ ವೇಗ ಇಳಿಸಿ ಬೇರೆ ವೇಳಾಪಟ್ಟಿ ಹೊರಡಿಸುತ್ತದೆ. ಹಳೆಯ ಹಾಳೆಯ ಹೊತ್ತು ಆಗ ನಡೆಯದು. ಮುಂಬೈಯಲ್ಲೂ ಭರತದ ಹೊತ್ತಿಗೆ ಜೋರು ಮಳೆ ಬಂದರೆ ತಗ್ಗಿನ ಹಳಿಗಳ ಮೇಲೆ ನೀರು ನಿಲ್ಲುತ್ತದೆ. ಜುಲೈಯಲ್ಲಿ ಹೊರಡುವವರು ಒಂದು ಗಂಟೆ ಹೆಚ್ಚಿಗೆ ಇಡಬೇಕು. ಊರಿನಿಂದ ಮತ್ಸ್ಯಗಂಧ ಬೆಳಗ್ಗೆ ಬೇಗ ಮುಂಬೈ ಸೇರುತ್ತದೆ. ಅದು ತಡವಾದರೆ ಇಳಿಯುವ ಹೊತ್ತು ಆಫೀಸಿನ ಗುಂಪಿನ ಹೊತ್ತೇ ಆಗುತ್ತದೆ. ಹಲಸಿನಕಾಯಿ ಹಪ್ಪಳದ ಡಬ್ಬ, ಪೆಟ್ಟಿಗೆಗಳೊಂದಿಗೆ ಲೋಕಲಿಗೆ ನುಗ್ಗುವ ಬದಲು ಹತ್ತೂವರೆಯವರೆಗೆ ಚಹಾ ಕುಡಿದು ಕೂರುವುದು ಮೇಲು. ಯೋಜನೆಯಲ್ಲಿ ಆ ಕಾಯುವಿಕೆಯನ್ನೂ ಬರೆದಿಟ್ಟಿದ್ದರೆ ಅದು ಬೇಸರವೆನಿಸುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಮೆಗಾ ಬ್ಲಾಕಿನ ಪ್ರಕಟಣೆ, ಮಳೆಯ ಸುದ್ದಿ, ಗಾಡಿಯ ಹೊತ್ತು ಮೂರನ್ನೂ ಒಮ್ಮೆ ನೋಡಿದರೆ ಕೆಲಸ ಮುಗಿಯಿತು. ಹೀಗೆ ತಯಾರಾದ ಹಾಳೆ ಮನೆಯವರ ಮುಂದಿನ ಪ್ರಯಾಣಕ್ಕೂ ಒದಗುತ್ತದೆ: ನಿಲ್ದಾಣ, ಬ್ರಿಜ್, ಬದಲಿಸುವ ಕ್ರಮ ಅಷ್ಟು ಬೇಗ ಬದಲಾಗುವುದಿಲ್ಲ, ಗಾಡಿಗಳ ಹೊತ್ತನ್ನಷ್ಟೇ ತಿದ್ದಿಕೊಂಡರೆ ಸಾಕು.