ಕೆಎ ಪಾಸಿಂಗ್ ಗಾಡಿ

ಡೊಂಬಿವಲಿ, ಕಲ್ಯಾಣ್ ಕಡೆಯ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಯಾರು ಎಲ್ಲಿಂದ ಬಂದವರು ಎಂಬುದು ನಂಬರ್ ಪ್ಲೇಟಿನಲ್ಲೇ ಗೊತ್ತಾಗುತ್ತದೆ. ಎಂಎಚ್ 05 ಎಂದರೆ ಕಲ್ಯಾಣ್, 04 ಥಾಣೆ, 43 ವಾಶಿ, 46 ಪನ್ವೇಲ್. ನಡುನಡುವೆ ಕೆಎ 19, ಕೆಎ 20 ಕಂಡರೆ ಮಂಗಳೂರು, ಉಡುಪಿ ಕಡೆಯವರು. 28 ವಿಜಯಪುರ, 32 ಕಲಬುರಗಿ. ಇಲ್ಲಿನ ಜನ ಇವನ್ನೆಲ್ಲ ಒಂದೇ ಮಾತಿನಲ್ಲಿ 'ಕೆಎ ಪಾಸಿಂಗ್ ಗಾಡಿ' ಎಂದುಬಿಡುತ್ತಾರೆ. ನಮ್ಮದು ಕೆಎ 25, ಧಾರವಾಡದ್ದು.

ನಾನು ಡೊಂಬಿವಲಿಗೆ ಬಂದು ಹತ್ತು ತಿಂಗಳಾಯಿತು. ಕೆಲಸ ಐರೋಲಿಯ ಐಟಿ ಪಾರ್ಕಿನಲ್ಲಿ. ಕಾರು ಅಪ್ಪನ ಹೆಸರಿನದು. 2018ರಲ್ಲಿ ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತರಾದಾಗ ಕೊಂಡಿದ್ದು. ಮೊಣಕಾಲು ನೋವಿನಿಂದ ಈಗ ಅವರು ಓಡಿಸುವುದನ್ನು ಬಿಟ್ಟಿದ್ದಾರೆ. ಹಾಗಾಗಿ ಬೆಳಗಾವಿ, ನಿಪ್ಪಾಣಿ ದಾಟಿ, ಕೊಗನೊಳ್ಳಿ ಟೋಲ್ ಕಳೆದು, ಕೊಲ್ಹಾಪುರ, ಸಾತಾರಾ, ಪುಣೆ ಮಾರ್ಗವಾಗಿ ಐದುನೂರು ಕಿಲೋಮೀಟರ್‌ಗೂ ಹೆಚ್ಚು ಓಡಿ ಗಾಡಿ ನನ್ನ ಜೊತೆ ಬಂತು. ಪುಣೆಯಿಂದ ಈಚೆಗಿನ ಎಕ್ಸ್‌ಪ್ರೆಸ್‌ವೇ ಒಂದಕ್ಕೇ 320 ರೂಪಾಯಿ ಟೋಲ್. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸು ರಾಷ್ಟ್ರೀಯ ಹೆದ್ದಾರಿಯ ನಾಕಾಗಳಲ್ಲಿ ನಡೆಯುತ್ತದೆ, ಈ ಎಕ್ಸ್‌ಪ್ರೆಸ್‌ವೇಯಲ್ಲಿ ನಡೆಯುವುದಿಲ್ಲ. ಊರಿಗೆ ಹೋಗಿಬರುವವರು ಪಾಸು ಕೊಳ್ಳುವ ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು.

ದಿನದ ಓಡಾಟಕ್ಕೆ ಇಲ್ಲಿ ಲೋಕಲ್ ರೈಲೇ ಗತಿ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತಿದರೆ ದಿಘಾ ಆದಮೇಲೆ ಐರೋಲಿ. ವಾರಕ್ಕೆ ಎರಡು ದಿನ, ತಡರಾತ್ರಿ ಕಾಲ್ ಇದ್ದಾಗ, ಕಾರು ತೆಗೆಯುತ್ತೇನೆ. ಶಿಲ್‌ಫಾಟಾ, ಮಹಾಪೆ ದಾರಿಯಲ್ಲಿ ಹೋದರೆ ಹೋಗಿಬರಲು ಸುಮಾರು ನಲವತ್ತು ಕಿಲೋಮೀಟರ್. ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಸಿಕ್ಕರೆ ಪುಣ್ಯ, ದಿನಕ್ಕೆ ಮುನ್ನೂರೈವತ್ತು ರೂಪಾಯಿ ಪೆಟ್ರೋಲ್. ಒಂದು ಸಮಾಧಾನವೆಂದರೆ 2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ಐರೋಲಿ, ವಾಶಿ, ಮುಲುಂಡ್, ದಹಿಸರ್ ಸೇರಿ ಮುಂಬಯಿಯ ಐದೂ ಪ್ರವೇಶದ್ವಾರಗಳಲ್ಲಿ ಕಾರಿಗೆ ಟೋಲ್ ಇಲ್ಲ. ಅದಕ್ಕೆ ಮುಂಚೆ ಪ್ರತಿ ಸಲ 45 ರೂಪಾಯಿ ಇತ್ತು. ಅಟಲ್ ಸೇತುವಿನಲ್ಲಿ ಮಾತ್ರ ಒಂದು ಬದಿಗೆ 250.

ಆದರೆ ಪೆಟ್ರೋಲು, ಟೋಲು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ನಂಬರ್ ಪ್ಲೇಟಿನದು. ಕರ್ನಾಟಕದಿಂದ ಕಾರು ತಂದ ಪ್ರತಿಯೊಬ್ಬರನ್ನೂ ಮೊದಲ ತಿಂಗಳಲ್ಲೇ ಯಾರಾದರೊಬ್ಬರು ಹೆದರಿಸಿರುತ್ತಾರೆ. "ನಿಮ್ಮ ಲೈಸೆನ್ಸ್ ಇಲ್ಲಿ ನಡೆಯೋದಿಲ್ಲ", "ಕೆಎ ಗಾಡಿಗೆ ಇಲ್ಲಿ ಆ್ಯಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಬರೋದಿಲ್ಲ" ಎಂದು. ನನಗೂ ಒಂದು ನಾಕಾಬಂದಿಯಲ್ಲಿ ಇದೇ ಪಾಠವಾಯಿತು. ಕಾಗದ ಎಲ್ಲ ಸರಿಯಿದ್ದುದರಿಂದ ಇಪ್ಪತ್ತು ನಿಮಿಷ ನಿಲ್ಲಿಸಿ ಬಿಟ್ಟರು.

ಎರಡು ಮಾತೂ ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ 13ನೆಯ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ಕೊಟ್ಟ ಲೈಸೆನ್ಸ್ ಇಡೀ ದೇಶಕ್ಕೆ ಸಲ್ಲುತ್ತದೆ. ವಿಮೆಯೂ ಅಷ್ಟೇ. ಥರ್ಡ್ ಪಾರ್ಟಿ ವಿಮೆ ಅದೇ ಕಾಯ್ದೆಯ 146ನೆಯ ಸೆಕ್ಷನ್ ಹೇಳುವ ಕಡ್ಡಾಯ. ಧಾರವಾಡದಲ್ಲಿ ಮಾಡಿಸಿದ್ದು ಡೊಂಬಿವಲಿಯಲ್ಲೂ ಊರ್ಜಿತ. ಅದರ ದರ 2022ರ ಜೂನ್‌ನಿಂದ 1000 ಸಿಸಿವರೆಗಿನ ಕಾರಿಗೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲಾದರೆ 7,897 ರೂಪಾಯಿ. ಮೇಲೆ ಜಿಎಸ್‌ಟಿ. ಓಡಿಸುವವನಿಗೆ ಎಷ್ಟು ವರ್ಷದ ಅನುಭವ, ಯಾವ ರಾಜ್ಯದ ಲೈಸೆನ್ಸ್ ಎಂದು ಈ ದರ ಕೇಳುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಟೊರಾಂಟೊಗೆ ಹೋದ ಹಳೆಯ ಸಹೋದ್ಯೋಗಿಯ ಜೊತೆ ಮಾತಾಡಿದಾಗ. ಅಲ್ಲಿ ವಿಮೆ ತೂಗುವುದು ಗಾಡಿಯನ್ನಷ್ಟೇ ಅಲ್ಲ, ಓಡಿಸುವವನನ್ನು. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಹನ್ನೆರಡು ವರ್ಷ ಓಡಿಸಿದವನು ಅದನ್ನು ಕಾಗದದಲ್ಲಿ ತೋರಿಸಲಾಗದಿದ್ದರೆ ನಿನ್ನೆ ಮೊನ್ನೆ ಕಲಿತವನ ಸಾಲಿಗೆ ಸೇರುತ್ತಾನೆ, ಪ್ರೀಮಿಯಂ ಹಾಗೇ ಏರುತ್ತದೆ. ಅದಕ್ಕೆ ಎದುರಾದ ಪರಿಸ್ಥಿತಿ ಘೋಡ್‌ಬಂದರ್ ರಸ್ತೆ, ಪಾಮ್ ಬೀಚ್ ರಸ್ತೆಗಳ ಹೊಸ ಕಟ್ಟಡಗಳಿಗೆ ಗಲ್ಫಿನಿಂದ, ಅಮೆರಿಕದಿಂದ ಮರಳಿ ಬಂದವರದು. ಅಂತರರಾಷ್ಟ್ರೀಯ ಪರ್ಮಿಟ್ ಇರುವುದು ಬಂದು ಹೋಗುವವರಿಗೆ, ಅದೂ ಒಂದು ವರ್ಷಕ್ಕೆ. ಇಲ್ಲೇ ನೆಲೆಸುವವರಿಗೆ ಇಲ್ಲಿನ ಲೈಸೆನ್ಸೇ ಬೇಕು. ಆದರೆ ಅಲ್ಲಿ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿ ಪೂರ್ತಿ ವ್ಯರ್ಥವಾಗಬೇಕಿಲ್ಲ. ಅಲ್ಲಿನ ಕಂಪನಿಯ ಪತ್ರ ತಂದು, ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ವಿಮೆ ಮಾಡಿಸಿದರೆ ಅದನ್ನು ಪರಿಗಣಿಸುವ ಅವಕಾಶ ನಮ್ಮ ಮೋಟಾರ್ ಟ್ಯಾರಿಫ್ ನಿಯಮಗಳಲ್ಲಿದೆ. ವಿಮಾನ ಹತ್ತುವ ಮೊದಲೇ ಆ ಪತ್ರ ಕೇಳಿ ಇಟ್ಟುಕೊಳ್ಳಿ.

ಹಾಗಾದರೆ ರಾಜ್ಯದ ಗಡಿ ದಾಟದೆ ಉಳಿಯುವುದು ಯಾವುದು? ತೆರಿಗೆ. ರಸ್ತೆ ತೆರಿಗೆ ರಾಜ್ಯದ್ದು, ನಂಬರ್ ಪ್ಲೇಟ್ ಅದರ ರಸೀದಿ ಇದ್ದ ಹಾಗೆ. ಅಪ್ಪ ಏಳು ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇ. 14ರಂತೆ 98,000 ರೂಪಾಯಿ, ಮೇಲೆ ಸೆಸ್ ಕಟ್ಟಿದ್ದರು. ಅದು ಹದಿನೈದು ವರ್ಷದ ಲೆಕ್ಕ. ಕಾಯ್ದೆಯ 47ನೆಯ ಸೆಕ್ಷನ್ ಹೇಳುವುದೆಂದರೆ, ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು. ಆಗ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು. ಹತ್ತು ಲಕ್ಷದೊಳಗಿನ ಹೊಸ ಪೆಟ್ರೋಲ್ ಕಾರಿಗೆ ಇಲ್ಲಿ ಶೇ. 11. ಗಾಡಿ ಹಳೆಯದಾದಷ್ಟೂ ಮೊತ್ತ ಇಳಿಯುತ್ತದೆ. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಬಳಸಿದ ವರ್ಷ ಕಳೆದು ಉಳಿದ ಪಾಲನ್ನು ಮರಳಿ ಕೇಳಬಹುದು. ಆದರೆ ಮೊದಲು ಇಲ್ಲಿ ಕಟ್ಟಿ, ಹೊಸ ಆರ್‌ಸಿ ಪಡೆದು, ಆಮೇಲೆ ಅಲ್ಲಿ ಅರ್ಜಿ. ಅಂದರೆ ಕೆಲವು ಕಾಲ ಎರಡೂ ಕಡೆ ನಮ್ಮ ದುಡ್ಡು.

ಇದು ಮಹಾರಾಷ್ಟ್ರ ನಮಗೆ ಮಾತ್ರ ಮಾಡುವ ಅನ್ಯಾಯ ಎಂದುಕೊಳ್ಳುವುದು ಬೇಡ. 2014ರಲ್ಲಿ ಕರ್ನಾಟಕವೇ ಕಾನೂನು ತಿದ್ದಿ, ಹೊರರಾಜ್ಯದ ಗಾಡಿ ಮೂವತ್ತು ದಿನ ಮೀರಿ ಉಳಿದರೆ ಅಜೀವ ತೆರಿಗೆ ಕಟ್ಟಬೇಕೆಂದಿತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಎಂಎಚ್ ಪಾಸಿಂಗ್‌ನವರು ನಾವು ಇಲ್ಲಿ ಪಡುವುದಕ್ಕಿಂತ ಹೆಚ್ಚು ಪಾಡು ಪಟ್ಟರು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು.

ಈ ಎಲ್ಲ ತಾಪತ್ರಯಕ್ಕೆ ಉತ್ತರವಾಗಿ 2021ರ ಸೆಪ್ಟೆಂಬರ್‌ನಿಂದ ಬಿಎಚ್ ಸರಣಿ ಬಂತು. ಕೇಂದ್ರ, ರಾಜ್ಯ ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೆ ಅದು ಸಿಗುತ್ತದೆ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಬಹುದು, ಊರು ಬದಲಾದರೆ ನಂಬರ್ ಬದಲಿಸಬೇಕಿಲ್ಲ. 2022ರ ಡಿಸೆಂಬರ್‌ನ ತಿದ್ದುಪಡಿ ಹಳೆಯ ಗಾಡಿಗಳಿಗೂ ದಾರಿ ತೆರೆಯಿತು. ಹೊಸ ಕಾರು ಕೊಳ್ಳುವ ಐಟಿಯವರು ಇದನ್ನೇ ಮೊದಲು ವಿಚಾರಿಸುವುದು ಒಳ್ಳೆಯದು. ನಮ್ಮ ಗಾಡಿ ಅಪ್ಪನ ಹೆಸರಲ್ಲಿದೆ, ಅವರು ಪಿಂಚಣಿದಾರರು. ಆ ಬಾಗಿಲು ನಮಗೆ ಸದ್ಯಕ್ಕೆ ಇಲ್ಲ.

ಇಲ್ಲೇ ವಿಮೆಯ ನಿಜವಾದ ಗಂಟು ಇರುವುದು. ಅಪ್ಪನ ವಿಳಾಸ ಧಾರವಾಡ. ಕಲ್ಯಾಣದಲ್ಲಿ ನಂಬರ್ ಬೇಕಾದರೆ ಇಲ್ಲಿ ವಿಳಾಸವಿರುವ ಒಡೆಯ ಬೇಕು; ಗಾಡಿ ನನ್ನ ಹೆಸರಿಗೆ ಬರಬೇಕು. ಏಳು ವರ್ಷ ಒಂದೂ ಕ್ಲೇಮ್ ಮಾಡದ ಅಪ್ಪನಿಗೆ ನೋ ಕ್ಲೇಮ್ ಬೋನಸ್ ಶೇ. 50 ಇದೆ. ಅದು 20, 25, 35, 45 ಎಂದು ಏರಿ ಐದು ವರ್ಷಕ್ಕೆ 50 ಮುಟ್ಟುತ್ತದೆ. ಆ ಬೋನಸ್ ಗಾಡಿಯದಲ್ಲ, ಒಡೆಯನದು. ಒಡೆಯ ತೀರಿಕೊಂಡರೆ ಮಾತ್ರ ಅದು ಹೆಂಡತಿ ಮಕ್ಕಳಿಗೆ ಸಿಗುತ್ತದೆ. ಬದುಕಿರುವ ಅಪ್ಪ ಮಗನಿಗೆ ಕೊಡಲಾಗದು. ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ 8,000 ಎಂದಿಟ್ಟುಕೊಂಡರೆ ಅಪ್ಪನಿಗೆ 4,000, ನನಗೆ ಪೂರ್ತಿ 8,000. ಅಪ್ಪ ಪ್ರಮಾಣಪತ್ರ ಪಡೆದು ಮೂರು ವರ್ಷ ಇಟ್ಟುಕೊಳ್ಳಬಹುದು, ಅಷ್ಟರಲ್ಲಿ ಹೊಸ ಗಾಡಿ ಕೊಂಡರೆ ಬಳಸಬಹುದು. ಅವರು ಕೊಳ್ಳುವುದಿಲ್ಲ, ನಮಗಿಬ್ಬರಿಗೂ ಗೊತ್ತು.

ಹೆಸರು ಬದಲಿಸದೆ ಹಾಗೇ ಓಡಿಸಿದರೆ? ವಿಮೆ ಸಲ್ಲುತ್ತದೆ. ಆದರೆ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಒಡೆಯನೇ ಚಾಲಕನಾಗಿದ್ದಾಗ ಮಾತ್ರ. ಶಿಲ್‌ಫಾಟಾದ ಕಂಟೇನರ್ ಲಾರಿಗಳ ನಡುವೆ ರಾತ್ರಿ ಹನ್ನೊಂದಕ್ಕೆ ಬರುವವನು ನಾನು, ರಕ್ಷಣೆ ಧಾರವಾಡದ ಜಗಲಿಯಲ್ಲಿ ಕೂತ ಅಪ್ಪನಿಗೆ. ಈ ಮಾತು ತಿಳಿದ ದಿನವೇ ನನ್ನ ಹೆಂಡತಿ ವರ್ಷಕ್ಕೆ ನಾಲ್ಕು ಸಾವಿರದ ಲೆಕ್ಕ ಮುಗಿಸಿಬಿಟ್ಟಳು.

ಇಲ್ಲಿ ಪಾಲಿಸಿ ಬರೆಸುವವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2005ರ ಜುಲೈ 26ರಂದು ಮುಳುಗಿದ್ದು ಮುಂಬಯಿ ಮಾತ್ರವಲ್ಲ, ಕಲ್ಯಾಣ್, ಡೊಂಬಿವಲಿ, ಥಾಣೆಗಳೂ ಮುಳುಗಿದ್ದವು. ನೆರೆಯ ಹಾನಿ ಸಾಮಾನ್ಯ ಸಮಗ್ರ ಪಾಲಿಸಿಯಲ್ಲೇ ಬರುತ್ತದೆ. ಆದರೆ ನೀರಿನಲ್ಲಿ ನಿಂತ ಗಾಡಿಯ ಕೀ ತಿರುಗಿಸಿ ಎಂಜಿನ್ನಿಗೆ ನೀರು ಎಳೆಸಿಕೊಂಡರೆ ಆ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಪ್ರತ್ಯೇಕ ಸೇರ್ಪಡೆ ಬೇಕು. ಗಲಭೆಯ ಹಾನಿಯೂ ಸಮಗ್ರ ಪಾಲಿಸಿಯಲ್ಲಿದೆ. ಗಡಿ ವಿವಾದ ಕಾವೇರಿದ 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿಯ ಬಳಿ ಎಂಎಚ್ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಲಾರಿ ಓಡಿಸುತ್ತಿದ್ದವರಿಗೂ ಬಸ್ಸಿನಲ್ಲಿ ಕೂತವರಿಗೂ ಆ ವಿವಾದದಲ್ಲಿ ಯಾವ ಪಾತ್ರವೂ ಇರಲಿಲ್ಲ. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಇಂಥ ಹೊತ್ತಿನಲ್ಲಿ ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅಪ್ಪನಿಗೆ ಫೋನ್ ಮಾಡಲು ನಾನು ಎರಡು ವಾರ ತೆಗೆದುಕೊಂಡೆ. ತೆರಿಗೆ, ಬೋನಸ್ ಎಲ್ಲ ಕೇಳಿಸಿಕೊಂಡ ಅವರು ಕೊನೆಗೆ ಒಂದೇ ಮಾತು ಕೇಳಿದರು. "ನಂಬರ್ ಬದ್ಲಿ ಮಾಡಸೂದು ಅಂದ್ರ, ಇನ್ನ ಆ ಕಡೇನ ಉಳಿಯಾವ್ರು ಅಂದಂಗಾತಲ್ಲ?"

ಹಾಗೇನಿಲ್ಲ ಅಂದೆ. ಮತ್ತೆ ಊರಿಗೆ ಬಂದರೆ ಇನ್ನೊಮ್ಮೆ ಬದಲಿಸಬಹುದು ಅಂದೆ. ಕಾನೂನಿನ ಮಟ್ಟಿಗೆ ಅದು ನಿಜ. ಆದರೆ ಮಗಳು ಇಲ್ಲಿ ಶಾಲೆಗೆ ಸೇರಿದ್ದಾಳೆ, ಮನೆಯ ಸಾಲ ಇಪ್ಪತ್ತು ವರ್ಷದ್ದು. ಅಪ್ಪ ಕೇಳಿದ್ದು ಆರ್‌ಟಿಓ ಪ್ರಶ್ನೆಯಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಅಂದರು, "ಫಾರ್ಮ್ ಕಳಸು, ಸಹಿ ಹಾಕತೇನಿ. ಚಾಸಿ ನಂಬರ್ ಡೈರ್ಯಾಗ ಬರದಿಟ್ಟೇನಿ."

ಈ ದಾರಿಯಲ್ಲಿ ಬರುವವರಿಗಾಗಿ ನಮ್ಮ ಕ್ರಮ ಹೇಳುತ್ತೇನೆ. ಬಾಕಿ ಚಲನ್‌ಗಳನ್ನೆಲ್ಲ ಕಟ್ಟಿ, ಪಿಯುಸಿ ಮತ್ತು ವಿಮೆ ಚಾಲ್ತಿಯಲ್ಲಿಟ್ಟುಕೊಂಡು, ಫಾರ್ಮ್ 28 ತುಂಬಿ ಧಾರವಾಡದಿಂದ ಎನ್‌ಒಸಿ. ಮಾಲೀಕತ್ವಕ್ಕೆ ಫಾರ್ಮ್ 29, 30. ಇಲ್ಲಿನ ನಂಬರಿಗೆ ಫಾರ್ಮ್ 27, ಜೊತೆಗೆ ಗಾಡಿಯ ತಪಾಸಣೆ, ತೆರಿಗೆ. ಹೆಸರು ಬದಲಾದ ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು, ಹೊಸ ನಂಬರ್ ಬಂದ ಮೇಲೆ ಪಾಲಿಸಿಯಲ್ಲೂ ಫಾಸ್ಟ್ಯಾಗ್‌ನಲ್ಲೂ ತಿದ್ದಿಸಬೇಕು. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟು ಬೇಕು. ಎಲ್ಲ ಮುಗಿದ ಮೇಲೆ ಧಾರವಾಡದಲ್ಲಿ ತೆರಿಗೆ ವಾಪಸಿನ ಅರ್ಜಿ.

ದೀಪಾವಳಿಗೆ ಊರಿಗೆ ಹೋಗುವಾಗ ಕೆಎ 25ರಲ್ಲೇ ಹೋಗುತ್ತೇವೆ, ಎನ್‌ಒಸಿ ಅರ್ಜಿ ಅಪ್ಪನ ಜೊತೆ ಹೋಗಿಯೇ ಕೊಡುವುದು ಎಂದಾಗಿದೆ. ತೆರಿಗೆ ವಾಪಸು ಬಂದರೆ ಅದು ಅವರ ಖಾತೆಗೇ ಹೋಗಬೇಕು ಎಂದು ಹೆಂಡತಿ ಹೇಳಿದ್ದಾಳೆ. ಊರಿಗೆ ಮುಟ್ಟಿದ ಮೇಲೆ ಅಪ್ಪ ಗಾಡಿಯ ಮೈಲೇಜು ಕೇಳುತ್ತಾರೆ. ಶಿಲ್‌ಫಾಟಾದ ಲೆಕ್ಕ ಹೇಳುವುದೋ ಹೈವೇಯ ಲೆಕ್ಕ ಹೇಳುವುದೋ, ಇನ್ನೂ ತೀರ್ಮಾನಿಸಿಲ್ಲ.