ಹುಲಿಗೂ ಬೀಗರು ಬೇಕು

ನಮ್ಮ ಕಡೆ ದಡ್ಡಿ ಎಂದರೆ ದನ, ಕುರಿ ಕೂಡಿಹಾಕುವ ಜಾಗ. ಕಾಡುಪ್ರಾಣಿ ನುಗ್ಗಬಾರದೆಂದು ಸುತ್ತಲೂ ಮುಳ್ಳಿನ ಬೇಲಿ ಹಾಕುತ್ತಾರೆ. ಅದೇ ಹೆಸರಿನ ಊರು ಹುಕ್ಕೇರಿ ತಾಲ್ಲೂಕಿನಲ್ಲಿದೆ, ಘಟಪ್ರಭಾ ನದಿಯ ದಂಡೆಗೆ. ನನ್ನ ತಂಗಿಯನ್ನು ಕೊಟ್ಟ ಊರು. ಈ ಸಂಕ್ರಾಂತಿಗೆ ಆರನೆಯ ಇಯತ್ತೆ ಓದುವ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ.

ಹೊಳೆಯ ದಂಡೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಿಚ್ಚಿ ಕೂತಾಗ ಅವಳು ಕೇಳಿದಳು, "ಅಜ್ಜಾ, ಈ ನೀರು ಎಲ್ಲಿಂದ ಬರ್ತೈತಿ?"

"ಸಹ್ಯಾದ್ರಿ ಗುಡ್ಡದಿಂದ. ಅಲ್ಲೆ ಈಗ ಹುಲಿಗೋಳು ತಿರುಗಿ ಬರಾಕತ್ತಾವ."

ರೊಟ್ಟಿ ಕೈಯಲ್ಲೇ ಉಳಿಯಿತು. ಇನ್ನು ಪೂರ್ತಿ ಹೇಳದೆ ಗತಿಯಿಲ್ಲ.

ಉತ್ತರ ಕನ್ನಡದ ಕಾಳಿ ಕಾಡಿನಿಂದ ನಮ್ಮ ಖಾನಾಪುರದ ಭೀಮಗಡ ದಾಟಿ, ಮಹಾರಾಷ್ಟ್ರದ ತಿಲಾರಿ, ರಾಧಾನಗರಿ ಹಾದು ಚಾಂದೋಲಿ, ಕೊಯ್ನಾವರೆಗೆ ಗುಡ್ಡದ ಸಾಲಿದೆ. ಚಾಂದೋಲಿ, ಕೊಯ್ನಾ ಸೇರಿಸಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಹೆಸರು ಹುಲಿಯದು, ಹುಲಿಯೇ ಅಪರೂಪ! 2018ರ ಮೇ ತಿಂಗಳಲ್ಲಿ ಚಾಂದೋಲಿಯ ಕ್ಯಾಮೆರಾದಲ್ಲಿ ಒಂದು ಹುಲಿ ಸಿಕ್ಕಿತು. ಕಾಳಿಯಲ್ಲಿ ಚಿತ್ರ ಸಿಕ್ಕ ಹುಲಿಗಳು ಗಡಿಯಾಚೆ ಕಾಣಿಸಿಕೊಂಡದ್ದೂ ಉಂಟು. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಬ್ಯಾಂಕಿನಲ್ಲಿ ನಾನು ಮಾದರಿ ಸಹಿಯ ಕಾರ್ಡು ತೆಗೆದು ಚೆಕ್ಕಿನ ಸಹಿ ತಾಳೆ ನೋಡುತ್ತಿದ್ದಂತೆ ಇವರು ಪಟ್ಟೆ ತಾಳೆ ನೋಡುತ್ತಾರೆ. ಹುಲಿ ಕಣ್ಣಿಗೆ ಬೀಳದಿದ್ದರೂ ಅದರ ಮಲ ಸಿಕ್ಕರೆ ಸಾಕು. ಕರುಳಿನಿಂದ ಉದುರಿದ ಜೀವಕೋಶಗಳ ಡಿಎನ್‌ಎಯಿಂದ ಯಾವ ಹುಲಿ, ಗಂಡೋ ಹೆಣ್ಣೋ, ಎಲ್ಲ ತಿಳಿಯುತ್ತದೆ.

ಆದರೆ ದೂರ ನಡೆಯುವುದು ಹೆಚ್ಚಾಗಿ ಗಂಡು. ಹೆಣ್ಣುಮರಿ ಬೆಳೆದ ಮೇಲೂ ತಾಯಿಯ ನೆರೆಯಲ್ಲೇ ಜಾಗ ಹುಡುಕುತ್ತದೆ. ಹಾಗಾಗಿ ಸಹ್ಯಾದ್ರಿಗೆ ಗಂಡುಗಳು ಬಂದವು, ಸಂಸಾರ ಕಟ್ಟಲು ಹೆಣ್ಣಿರಲಿಲ್ಲ.

"ಇರೋ ಕಾಡಿನಾಗ ಆರಾಮ ಇರಬಾರದೇನು? ಅಷ್ಟು ದೂರ ಯಾಕ ನಡೀಬೇಕು?"

ಆಗ ಒಡಿಶಾದ ಸಿಮಿಲಿಪಾಲ್ ಕಾಡಿನ ಮಾತು ತೆಗೆದೆ. ಅಲ್ಲಿನ ಕೆಲವು ಹುಲಿಗಳ ಪಟ್ಟೆ ಅಗಲವಾಗಿ, ಒಂದಕ್ಕೊಂದು ಕೂಡಿ, ಮೈಯೇ ಕಪ್ಪಾಗಿ ಕಾಣುತ್ತದೆ. ಕಾರಣ ಒಂದು ಜೀನಿನ ಸಣ್ಣ ಬದಲಾವಣೆ ಎಂದು ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ಪ್ರತಿ ಜೀನಿಗೂ ಎರಡು ಪ್ರತಿ, ತಂದೆಯದೊಂದು, ತಾಯಿಯದೊಂದು. ಎರಡರಲ್ಲೂ ಆ ಬದಲಾವಣೆ ಇದ್ದರೆ ಮಾತ್ರ ಮೈ ಕಪ್ಪು. ಜಂಟಿ ಖಾತೆಯಲ್ಲಿ ಇಬ್ಬರೂ ಸಹಿ ಹಾಕಿದರಷ್ಟೇ ಹಣ ಬರುವಂತೆ! ಹೊರಗಿನ ಹುಲಿ ಬಾರದ ಕಾಡಿನಲ್ಲಿ ಬಳಗದೊಳಗೇ ಮದುವೆ, ಎರಡು ಸಹಿ ಬೇಗ ಕೂಡುತ್ತವೆ. ಬಣ್ಣವಾದರೆ ಕಾಣುತ್ತದೆ. ಕಾಣದ ರೋಗಗಳೂ ಹೀಗೆಯೇ ಕೂಡಿಬಂದಾವು. ನಮ್ಮ ಹಿರಿಯರೂ ಒಂದೇ ಬೆಡಗಿನಲ್ಲಿ ಹೆಣ್ಣು ತರುತ್ತಿರಲಿಲ್ಲ. (ಸೋದರಮಾವನ ಮಗಳನ್ನು ಮಾತ್ರ ಬಿಡಲಿಲ್ಲ, ಅದು ಬೇರೆ ಮಾತು.)

2025ರ ಕೊನೆಗೆ ವಿದರ್ಭದ ತಾಡೋಬಾದಿಂದ ಸಹ್ಯಾದ್ರಿಗೆ ಹೆಣ್ಣು ಹುಲಿಯೊಂದನ್ನು ತಂದರು. ಮಧ್ಯ ಭಾರತದ ಹುಲಿ ಮತ್ತು ನಮ್ಮ ದಕ್ಷಿಣದ ಹುಲಿ ಡಿಎನ್‌ಎ ಲೆಕ್ಕದಲ್ಲಿ ಬೇರೆ ಬೇರೆ ಗುಂಪಿನವು. ಕಾಳಿಯ ಹೆಣ್ಣೇ ನಡೆದು ಬಂದಿದ್ದರೆ ನನಗೆ ಹೆಚ್ಚು ಸಂತೋಷವಾಗುತ್ತಿತ್ತು. ಆದರೆ ಅದಕ್ಕೆ ಇನ್ನೆಷ್ಟು ವರ್ಷ ಕಾಯುವುದು? ನಡುವಿನ ದಾರಿ ಉಳಿದರೆ ಅವಳ ಮಕ್ಕಳು, ಕಾಳಿಯ ಮಕ್ಕಳು ಮುಂದೆ ಬೀಗರಾಗಬಹುದು.

ತಂಗಿಯ ಮಗ ಇದನ್ನೆಲ್ಲ ಕೇಳುತ್ತ ಸುಮ್ಮನೆ ಕೂತಿದ್ದ. "ಮಾವಾರ, ಪ್ಯಾಟ್ಯಾಗ ಇದ್ದವರಿಗೆ ಹುಲಿ ಚಂದ. ಗುಡ್ಡದ ಬಾಜೂಕ ಇದ್ದವರ ಎಮ್ಮಿ ಹೋದ್ರ?" ಎಂದ.

"ಪರಿಹಾರ ಕೊಡ್ತಾರಪಾ" ಎಂದೆ.

"ಯಾವಾಗ?"

ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆಂದು ಬ್ಯಾಂಕಿನಲ್ಲಿ ದುಡಿದವನಿಗೆ ಹೇಳಬೇಕೇ? ನಾನು ರೊಟ್ಟಿ ಮುರಿದೆ. ಸಂಜೆ ಅವನು ದನ ಒಳಗೆ ಹೊಡೆಯುವಾಗ ಮೊಮ್ಮಗಳು ಓಡಿಹೋಗಿ, ಬೇಲಿ ಸಡಿಲವಾದಲ್ಲಿ ಮುಳ್ಳಿನ ಕಂಟಿ ಎಳೆದು ಹಾಕಿದಳು.