ಸಿನಿಮಾ ಬಿಟ್ಟ ಮೇಲಿನ ಮಾತು

ಹೊಳೆನರಸೀಪುರದ ಸುತ್ತಲಿನ ಹಳ್ಳಿಗಳಲ್ಲಿ ನಾವು ಹುಡುಗರಾಗಿದ್ದಾಗ, ಸಿನಿಮಾ ಹೇಗಿತ್ತು ಎಂಬುದು ಇತ್ಯರ್ಥವಾಗುತ್ತಿದ್ದುದು ಟೆಂಟಿನಿಂದ ಊರಿಗೆ ವಾಪಸು ಬರುವ ದಾರಿಯಲ್ಲಿ. ಎರಡನೇ ಆಟ ಬಿಡುವ ಹೊತ್ತಿಗೆ ನಡುರಾತ್ರಿ ಮೀರಿರುತ್ತಿತ್ತು. ಬಸ್ಸಿನ ಮಾತೇ ಇಲ್ಲ. ಹೆಂಗಸರು, ಮಕ್ಕಳು ಎತ್ತಿನ ಗಾಡಿಯಲ್ಲಿ. ಗಂಡಸರು ಹಿಂದೆ ನಡೆದುಕೊಂಡು. ಆ ಎರಡು ಮೂರು ಮೈಲಿಯಲ್ಲಿ ಚಿತ್ರದ ನಾಯಕ, ಅವನ ಅಕ್ಕ, ಅಳಿಯ, ಸಾಲ ಕೊಟ್ಟ ಸಾಹುಕಾರ ಎಲ್ಲರೂ ನಮ್ಮೂರಿನ ಪಂಚಾಯಿತಿಗೆ ಬಂದು ನಿಲ್ಲಬೇಕಾಗುತ್ತಿತ್ತು.

ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಮ್ಮ ಟೆಂಟಿಗೆ ಅದು ಬಂದದ್ದು ಬಹಳ ತಡವಾಗಿ. ಆಗ ಪ್ರಿಂಟುಗಳೇ ಕಡಿಮೆ. ಗಾಂಧಿನಗರದ ಹಂಚಿಕೆದಾರರ ಲೆಕ್ಕದಲ್ಲಿ ಹಾಸನ ಜಿಲ್ಲೆ ‘ಎಂ.ಎಂ.ಸಿ.ಎಚ್.’ ಏರಿಯಾಕ್ಕೆ ಸೇರಿದ್ದು. ಮೈಸೂರು, ಮಂಡ್ಯ, ಕೊಡಗಿನ ಜೊತೆಗೆ ನಮ್ಮದು ಕೊನೆಯ ಅಕ್ಷರ. ದೊಡ್ಡ ಊರುಗಳಲ್ಲಿ ಓಡಿ, ಹಾಸನದಲ್ಲಿ ಓಡಿ, ತಾಲ್ಲೂಕು ಕೇಂದ್ರಗಳನ್ನು ಮುಗಿಸಿಕೊಂಡು ರೀಲಿನ ಡಬ್ಬಗಳು ಟೆಂಟಿಗೆ ಬರುವಷ್ಟರಲ್ಲಿ ಪರದೆಯ ತುಂಬ ಗೀರು. ಅದನ್ನು ನಾವು ‘ಮಳೆ ಸುರಿಯೋದು’ ಅನ್ನುತ್ತಿದ್ದೆವು. ಮಳೆಯೊಳಗೇ ರಾಜ್‌ಕುಮಾರರ ಮುಖ ನೋಡಿದ್ದೇವೆ.

ಬರಡು ನೆಲವನ್ನು ಹದಕ್ಕೆ ತಂದು ಬೆಳೆ ತೆಗೆದ ರಾಜೀವ, ಮನೆಯವರ ಬಾಯಿಂದಲೇ ಬಾರದ ಮಾತು ಕೇಳಿ ಎಲ್ಲವನ್ನೂ ಬಿಟ್ಟು ಹೊರಟುಬಿಡುತ್ತಾನಲ್ಲ, ಅದನ್ನು ನಮ್ಮ ದೊಡ್ಡಪ್ಪ ಒಪ್ಪಲೇ ಇಲ್ಲ. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಮನುಷ್ಯ. “ಅಷ್ಟ್ ಕಷ್ಟಪಟ್ಟು ಮಾಡಿದ್ ಭೂಮಿ ಬುಟ್ಟು ಹೋಗ್ಬಾರ್ದಾಗಿತ್ತು ಕಣ್ರಪ್ಪ. ಮನ್ಸಿಗ್ ನೋವಾದ್ರೆ ತೋಟದ್ ಮನೇಲಿ ಇರ್ಬೋದಾಗಿತ್ತು” ಎಂದರು. “ಮಾನ ಹೋದ್ ಜಾಗ್ದಲ್ಲಿ ಅನ್ನ ಉಣ್ಣಾಕಾಯ್ತದಾ?” ಎಂದು ಇನ್ನೊಬ್ಬರು. ಈ ವ್ಯಾಜ್ಯ ದಾರಿಯಲ್ಲಿ ಮುಗಿಯಲಿಲ್ಲ. ಕಳೆ ಕೀಳುವಾಗ ನಡೆಯಿತು, ಕಣದಲ್ಲಿ ನಡೆಯಿತು. ಇತ್ತೀಚೆಗೆ ಆ ಚಿತ್ರವನ್ನು ಮತ್ತೆ ನೋಡಿದೆ. ನಾನೀಗ ದೊಡ್ಡಪ್ಪನ ಕಡೆ. ಅದರ ನಿಜವಾದ ಸತ್ವ ಇರುವುದು ಬಂಡೆ ಒಡೆದು ನೆಲ ಹದ ಮಾಡುವ ಭಾಗದಲ್ಲಿ. ಕೊನೆಯ ನಿರ್ಗಮನ ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಅಲ್ಲಿಯವರೆಗೆ ಭೂಮಿಯದಾಗಿದ್ದ ಕಥೆ ಅಲ್ಲಿ ಒಬ್ಬ ಮನುಷ್ಯನ ದೊಡ್ಡತನದ ಕಥೆಯಾಗಿಬಿಡುತ್ತದೆ.

ಸಿದ್ದಲಿಂಗಯ್ಯನವರದೇ ‘ಭೂತಯ್ಯನ ಮಗ ಅಯ್ಯು’ (1974) ನಮಗೆ ಇನ್ನೂ ಹತ್ತಿರದ್ದು. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ಅಂದರೆ ನಮ್ಮ ಹೇಮಾವತಿ ದಂಡೆಯದು. ಅದೇ ಗೊರೂರಿನಲ್ಲಿ ಆಗ ಅಣೆಕಟ್ಟು ಏಳುತ್ತಿತ್ತು, ಮುಗಿದದ್ದು 1979ರಲ್ಲಿ. ಹೊಲ ಮನೆ ಮುಳುಗಡೆಯಾಗುವವರು ನಮ್ಮ ನೆಂಟರಲ್ಲೇ ಇದ್ದರು. ಪ್ರವಾಹದ ದೃಶ್ಯ ಬಂದಾಗ ನೆಲದಲ್ಲಿ ಕೂತಿದ್ದವರು ಶಿಳ್ಳೆ ಹೊಡೆಯುವುದನ್ನೂ ಮರೆತರು. ಲೋಕನಾಥರ ಉಪ್ಪಿನಕಾಯಿ ದೃಶ್ಯಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು ನಿಜ. ಆದರೆ ದಾರಿಯಲ್ಲಿ ಮಾತೆಲ್ಲ ಕೋರ್ಟಿನದು. ಬದುವಿನ ಜಗಳಕ್ಕೆ ಮೊದಲ ಬಸ್ಸಿನಲ್ಲಿ ಹಾಸನದ ಕೋರ್ಟಿಗೆ ಹೋಗಿ, ವಾಯಿದೆ ತೆಗೆದುಕೊಂಡು ಕೊನೆಯ ಬಸ್ಸಿನಲ್ಲಿ ಬರುವವರು ಪ್ರತಿ ಊರಿನಲ್ಲೂ ಇದ್ದರು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಅವತ್ತು ಎಷ್ಟು ಜನ ಹೇಳಿದರೋ. ಅಯ್ಯುವೂ ಗುಳ್ಳನೂ ಹಟಕ್ಕೆ ಬಿದ್ದು ಹಾಳಾಗುವ ಆ ಭಾಗ ಇವತ್ತಿಗೂ ಕೂದಲೆಳೆಯಷ್ಟೂ ಮಾಸಿಲ್ಲ. ಅಪ್ಪನ ಪಾಪದ ಗಂಟು ಹೊತ್ತ ಮಗನಾಗಿ ಲೋಕೇಶ್ ನಿಲ್ಲುವ ರೀತಿ ನೋಡಿ. ಈ ಜಿಲ್ಲೆಯ ಮಣ್ಣಿನಿಂದ ಹುಟ್ಟಿದ ಚಿತ್ರಗಳಲ್ಲಿ ನನಗೆ ಇದೇ ಮೊದಲನೆಯದು.

ಟೆಂಟಿನ ಬಗ್ಗೆ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಡೇರೆ ಏಳುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲಕ್ಕೆ ಮರಳು ಹಾಸಿರುತ್ತಿದ್ದರು. ಮುಂದಿನವರು ಎತ್ತರವಾದರೆ ಹುಡುಗರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು. ಘಂಟಸಾಲರ ‘ನಮೋ ವೆಂಕಟೇಶ’ ಮೈಕಿನಲ್ಲಿ ಕೇಳಿದರೆ ಟಿಕೆಟ್ಟು ಕೊಡುತ್ತಿದ್ದಾರೆ ಎಂದು ಅರ್ಥ, ಹಳ್ಳಿಯ ದಾರಿಯಲ್ಲಿದ್ದವರು ಓಡತೊಡಗುತ್ತಿದ್ದರು. ಹಾಸನ ಕಡೆ ಆಲೂಗಡ್ಡೆ ಕಿತ್ತು ದುಡ್ಡು ಕೈಗೆ ಬಂದಾಗ, ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು ಹರಾಜಾದಾಗ ಬೆಂಚು, ಕುರ್ಚಿಗೆ ಜನ ಹೆಚ್ಚು. ಬೇರೆ ದಿನ ಎಲ್ಲರೂ ನೆಲವೇ.

ಪ್ರೊಜೆಕ್ಟರ್ ಒಂದೇ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಆ ಕಾಲದ ಚಿತ್ರಕ್ಕೆ ಹದಿನಾಲ್ಕು, ಹದಿನಾರು ರೀಲು. ದೊಡ್ಡ ಥಿಯೇಟರಿನಲ್ಲಿ ಎರಡು ಯಂತ್ರ ಇರುತ್ತಿದ್ದುದರಿಂದ ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಶುರು. ನಮ್ಮಲ್ಲಿ ಕೆಲವು ರೀಲು ಸೇರಿಸಿ ಸುತ್ತಿದ ಸುರುಳಿ ಮುಗಿದ ಕೂಡಲೇ ದೀಪ ಹತ್ತುತ್ತಿತ್ತು. ಆಪರೇಟರು ಸುರುಳಿ ಬದಲಿಸಿ, ಉರಿದು ಗಿಡ್ಡವಾದ ಕಾರ್ಬನ್ ಕಡ್ಡಿ ಸರಿಮಾಡಿ ಮತ್ತೆ ಬೆಳಕು ಹಚ್ಚುವವರೆಗೆ ಕಡಲೆಕಾಯಿ, ಸೋಡಾ, ಬೀಡಿ, ಜೊತೆಗೆ ಮಾತು. ‘ಈಗ ಇವನೇನು ಮಾಡಬೇಕು?’ ಎಂಬ ಚರ್ಚೆ. ಕಥೆ ಮುಗಿಯುವ ಮೊದಲೇ ಜನಕ್ಕೆ ಅಭಿಪ್ರಾಯ ಕಟ್ಟಿಕೊಳ್ಳಲು ಬಿಡುವು ಸಿಗುತ್ತಿತ್ತು. ಯಂತ್ರ ಒಂದೇ ಆಗಿದ್ದುದರಿಂದ ನಾವು ಒಳ್ಳೆಯ ಪ್ರೇಕ್ಷಕರಾದೆವು ಎಂದು ನಾನು ನಂಬುತ್ತೇನೆ.

ಅರಕಲಗೂಡಿನವರಿಗೆ ಸಿನಿಮಾದಲ್ಲೂ ಒಂದು ಅಭಿಮಾನವಿತ್ತು: ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು. ಅವರ ಕಾದಂಬರಿಯಿಂದ 1966ರಲ್ಲಿ ಬಂದ ‘ಸಂಧ್ಯಾರಾಗ’ವನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ನಂತರ. ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ಭೀಮಸೇನ ಜೋಶಿಯವರ ಕಂಠ. ಕಥೆಯ ನಡಿಗೆ ಇವತ್ತಿನ ಕಣ್ಣಿಗೆ ನಿಧಾನ. ನಾಟಕದ ಛಾಯೆಯ ಸಂಭಾಷಣೆಯೂ ಅಲ್ಲಲ್ಲಿ ಭಾರ. ಆದರೆ ಹಾಡುವ ಮನುಷ್ಯನೊಬ್ಬನ ಒಳಗಿನ ಹಸಿವನ್ನು ಕನ್ನಡದಲ್ಲಿ ಇಷ್ಟು ಗಂಭೀರವಾಗಿ ತೋರಿಸಿದ ಚಿತ್ರ ಅಪರೂಪ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ ಹುಟ್ಟೂರು. ‘ವಂಶವೃಕ್ಷ’, ‘ತಬ್ಬಲಿಯು ನೀನಾದೆ ಮಗನೆ’, ‘ಮತದಾನ’, ‘ನಾಯಿ ನೆರಳು’ ಇಷ್ಟೂ ತೆರೆಗೆ ಬಂದವು. ಇವುಗಳಲ್ಲಿ ಕೆಲವನ್ನು ನಾನು ಟಿವಿಯಲ್ಲೇ ನೋಡಬೇಕಾಯಿತು. 2006ರ ‘ನಾಯಿ ನೆರಳು’ ನನ್ನನ್ನು ಹೆಚ್ಚು ಕಾಡಿದ್ದು. ಪುನರ್ಜನ್ಮ ನಿಜವೋ ಸುಳ್ಳೋ ಎಂಬ ಜಿಜ್ಞಾಸೆಯಿಂದ ಕಥೆಯನ್ನು ನಿರ್ದೇಶಕ ಕಾಸರವಳ್ಳಿಯವರು ವಿಧವೆ ವೆಂಕುವಿನ ಬದುಕಿನ ಕಡೆಗೆ ತಿರುಗಿಸಿದ್ದಾರೆ. ಪವಿತ್ರಾ ಲೋಕೇಶ್ ಹೆಚ್ಚು ಮಾತಿಲ್ಲದೆ ಅದನ್ನು ಹೊತ್ತಿದ್ದಾರೆ. ಇಂಥ ಚಿತ್ರ ನಮ್ಮ ಟೆಂಟಿಗೆ ಬಂದಿದ್ದರೆ ಗಾಡಿಯೊಳಗಿನ ಹೆಂಗಸರು ಏನು ಹೇಳುತ್ತಿದ್ದರು ಎಂದು ತಿಳಿಯುವ ಆಸೆ ನನಗೆ ಇವತ್ತಿಗೂ ಇದೆ. ಗಂಡಸರ ಮಾತು ನಮಗೆ ಕೇಳುತ್ತಿತ್ತು, ಅವರದು ಗಾಡಿಯೊಳಗೇ ಉಳಿಯುತ್ತಿತ್ತು.

ಭಾನುವಾರದ ದೂರದರ್ಶನ ಮೊದಲು ಟೆಂಟನ್ನು ಅಲ್ಲಾಡಿಸಿತು, ಬಾಡಿಗೆಯ ವಿಸಿಪಿ ಇನ್ನಷ್ಟು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಡೇರೆಗಳು ಒಂದೊಂದಾಗಿ ಏಳುವುದನ್ನೇ ನಿಲ್ಲಿಸಿದವು. ತಾಲ್ಲೂಕು ಕೇಂದ್ರದ ಥಿಯೇಟರುಗಳು ಉಸಿರು ಹಿಡಿದಿದ್ದವು. ಹಾಸನದಲ್ಲಿ ಸಹ್ಯಾದ್ರಿ, ಗುರು, ಎಸ್.ಬಿ.ಜಿ., ಪೃಥ್ವಿ ಇದ್ದವು. ಹಬ್ಬಕ್ಕೆ ಬಟ್ಟೆ ತರಲು ಹೋದವರು ಒಂದು ಸಿನಿಮಾ ನೋಡದೆ ಬರುತ್ತಿರಲಿಲ್ಲ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ, ಪರದೆಯ ಮೇಲೆ ಸಕಲೇಶಪುರದ ಕಡೆಯ ಹಸಿರು ಕಂಡು ಕಾಲೇಜು ಹುಡುಗರು ಮತ್ತೆ ಮತ್ತೆ ಹೋದರು. ಆಮೇಲೆ ಯುಎಫ್‌ಒ, ಕ್ಯೂಬ್ ಎಂಬ ಡಿಜಿಟಲ್ ಪ್ರದರ್ಶನ ವ್ಯವಸ್ಥೆಗಳು ಬಂದು ರೀಲಿನ ಡಬ್ಬವೇ ಮಾಯವಾಯಿತು. ಡಬ್ಬದ ಜೊತೆ ಬಂದು ಟಿಕೆಟ್ಟಿನ ಲೆಕ್ಕ ನೋಡುತ್ತಿದ್ದ ಪ್ರತಿನಿಧಿ, ಕಾರ್ಬನ್ ಕಡ್ಡಿಯ ಆಪರೇಟರು, ಪೋಸ್ಟರು ಅಂಟಿಸುವ ಹುಡುಗ, ಇವರ ಕೆಲಸವೂ ಹೋಯಿತು. ಬದಲಾವಣೆಯಿಂದ ನಮಗೆ ಒಂದು ನ್ಯಾಯ ಸಿಕ್ಕಿತೆಂದು ಒಪ್ಪಬೇಕು: ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಹೊಳೆನರಸೀಪುರದಲ್ಲೂ ಬಿಡುಗಡೆ. ಪರದೆಯ ಮೇಲೆ ಮಳೆ ಇಲ್ಲ. ಆ ಹೊತ್ತಿಗೆ ಜನ ಬರುವುದು ಕಡಿಮೆಯಾಗಿತ್ತು. 2020ರ ಲಾಕ್‌ಡೌನ್ ಉಳಿದದ್ದಕ್ಕೂ ಪೆಟ್ಟು ಕೊಟ್ಟಿತು.

ಹಾಗೆಂದು ಹೊಸ ಚಿತ್ರಗಳನ್ನು ಹಳಿಯುವ ವಯಸ್ಸಾದವರ ಗುಂಪಿಗೆ ನಾನು ಸೇರುವುದಿಲ್ಲ. 2016ರಲ್ಲಿ ತೆರೆಗೆ ಬಂದ ‘ತಿಥಿ’ ನೋಡಿ ಎರಡು ದಿನ ಅದರ ಗುಂಗಿನಲ್ಲೇ ಇದ್ದೆ. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನ, ನಟರಲ್ಲದವರು, ಆಡುವ ಮಾತು ನಮ್ಮದೇ. ಗಡ್ಡಪ್ಪ ಯಾವ ಭೂಮಿಗೂ ಅಂಟಿಕೊಳ್ಳದೆ ತಿರುಗುವುದನ್ನು ಕಂಡಾಗ ರಾಜೀವನ ನೆನಪಾಯಿತು. ಭೂಮಿ ಬಿಟ್ಟು ನಡೆದವರು ಇಬ್ಬರೂ. ಗಡ್ಡಪ್ಪನನ್ನು ಚಿತ್ರ ದೇವರು ಮಾಡುವುದಿಲ್ಲ, ಅದಕ್ಕೇ ಅವನು ಹೆಚ್ಚು ನಂಬಿಕೆ ಹುಟ್ಟಿಸುತ್ತಾನೆ.

2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ವನ್ನು ಹಾಸನದಲ್ಲಿ ತಂಗಿಯ ಮಗನ ಜೊತೆ ನೋಡಿದೆ. ಬಾಯಿಂದ ಬಾಯಿಗೆ ಹರಡಿ ಓಡಿದ ಚಿತ್ರ. ಪಕ್ಕದವನ ನಗು ಕೇಳಿ ಇನ್ನೊಬ್ಬ ನಗುವುದನ್ನು ಬಹಳ ವರ್ಷದ ಮೇಲೆ ಕಂಡೆ. ಕರಾವಳಿಯ ಕನ್ನಡ ಒಂದೆರಡು ಕಡೆ ಕಿವಿಗೆ ಸಿಗಲಿಲ್ಲ, ನಗುವುದಕ್ಕೆ ಅಡ್ಡಿಯಾಗಲಿಲ್ಲ. ಹೊರಗೆ ಬಂದು ಬೈಕು ತೆಗೆಯಲು ಹೊರಟವನನ್ನು ತಡೆದು ಟೀ ಅಂಗಡಿಗೆ ಕರೆದುಕೊಂಡು ಹೋದೆ. ಮೊದಲರ್ಧದ ನಗುವೇ ಚಿತ್ರದ ಜೀವ, ಕೊನೆಗೆ ಗಂಭೀರವಾಗಬಾರದಿತ್ತು ಎಂದು ಅವನ ವಾದ. ಆ ಗಂಭೀರ ಭಾಗಕ್ಕೆ ಇನ್ನೂ ಜಾಗ ಕೊಡಬೇಕಿತ್ತು, ದೆವ್ವಕ್ಕೆ ಹೆದರುವ ಊರು ಬದುಕಿರುವ ಹೆಂಗಸಿನ ಕಷ್ಟಕ್ಕೆ ಹೆದರಲಿಲ್ಲವಲ್ಲ ಎಂದು ನನ್ನ ವಾದ. “ಮಾವ, ನೀವು ಎಲ್ಲದ್ರಲ್ಲೂ ಪಂಚಾಯ್ತಿ ಮಾಡ್ತೀರ” ಎಂದ. ಇನ್ನೆರಡು ಟೀ ಹೇಳಿದೆ.